ಅಳತೆ ಪುಸ್ತಕದ ಬದನೆಕಾಯಿ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರಿನ ಹೆಸರನ್ನೂ ಹೇಳುವುದಿಲ್ಲ. ಕುಂದಗೋಳದಲ್ಲಿ ಯರಗುಪ್ಪಿ ಕಡೆಯ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತರೆ ಎಲ್ಲೋ ಒಂದು ಕಡೆ ದಾಟಿ ಹೋಗುತ್ತದೆ ಅಂದುಕೊಳ್ಳಿ, ಸಾಕು. ತೀರಿಹೋದವರ ಹೆಸರು ಬರೆದರೆ ಯಾವ ಗಂಟು ಕೊಳ್ಳೆ ಹೋಗುತ್ತದೆ ಎಂದು ನೀವು ಕೇಳಬಹುದು. ಹೆಸರಿನ ವಿಷಯಕ್ಕೆ ನಾನೂ ಒಮ್ಮೆ ಅವರನ್ನು ಹೀಗೇ ಕೆಣಕಿದ್ದೆ. ತುಟಿಯಲ್ಲಿ ಕಚ್ಚಿಕೊಂಡಿದ್ದ ನಾಲ್ಕು ಗುಂಡುಸೂಜಿಗಳ ಸಂದಿಯಿಂದಲೇ ಉತ್ತರ ಬಂದಿತ್ತು.

“ಹೆಸರ ಬರದ್ರ ಅದಕ್ಕ ಕಾಲ ಮೂಡ್ತಾವ್ರಿ ಅಕ್ಕೋರ. ಆಮ್ಯಾಲ ಅದು ಯಾರ ಮನ್ಯಾಗ ಹೋಗಿ ಕುಂತು ಚಾ ಕುಡಿತೈತಿ, ನಮಗೇನ ಗೊತ್ತಾಕ್ಕೈತಿ?”

ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತಾರೆ. ನಾನು ಹೈಸ್ಕೂಲಿನ ಗಣಿತದ ಅಕ್ಕೋರು. ಅವರು ಊರ ಹೆಂಗಸರಿಗೆಲ್ಲ ಬ್ಲೌಸು ಹೊಲಿದುಕೊಡುತ್ತಿದ್ದ ಚಾಚಿ. ತೆಳ್ಳಗೆ, ಎತ್ತರಕ್ಕೆ, ತಲೆಯ ಮೇಲಿನ ಸೆರಗು ಎಂದೂ ಜಾರದ ಹೆಂಗಸು. ನಮ್ಮ ಜೊತೆ ಕನ್ನಡ, ಹೊಲಿಗೆ ಮಷೀನಿನ ಜೊತೆ ಉರ್ದು. ದಾರ ಕಡಿದಾಗಲೆಲ್ಲ “ಕ್ಯಾ ಹುವಾ ರೇ ತೇರೆಕು” ಎಂದು ಅದನ್ನು ವಿಚಾರಿಸಿಕೊಳ್ಳುತ್ತಿದ್ದರು. ಮನುಷ್ಯರನ್ನು ಬೈದದ್ದನ್ನು ನಾನು ಕೇಳಿದ್ದು ಕಡಿಮೆ. ಮಷೀನು ಮಾತ್ರ ಆ ಮನೆಯಲ್ಲಿ ಬಹಳ ಅನ್ನಿಸಿಕೊಂಡಿದೆ.

ಬೇರೆ ದರ್ಜಿಗಳು ಅಳತೆ ತೆಗೆಯುವಾಗ “ಮೂವತ್ತೆಂಟು!” ಎಂದು ಕೂಗುತ್ತಾರೆ, ಒಳಗೆ ಕುಳಿತವರು ಬರೆದುಕೊಳ್ಳುತ್ತಾರೆ, ಹೊರಗೆ ಕುಳಿತವರು ನೆನಪಿಟ್ಟುಕೊಳ್ಳುತ್ತಾರೆ. ಚಾಚಿಯ ಬಾಯಿಂದ ಯಾವ ಹೆಂಗಸಿನ ಅಳತೆಯೂ ಹೊರಬಿದ್ದದ್ದಿಲ್ಲ. ಟೇಪನ್ನು ಹೆಬ್ಬೆರಳಿನ ಉಗುರಿನಿಂದ ಚಿವುಟಿ ಹಿಡಿದು, ಹಾಗೇ ನಡೆದು ಹೋಗಿ, ಬೆನ್ನು ತಿರುಗಿಸಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಪುಸ್ತಕದಲ್ಲಿ ಒಂದೂ ಹೆಸರಿರಲಿಲ್ಲ. ಪ್ರತಿ ಪುಟದ ತಲೆಗೆ ಒಂದು ಚಿತ್ರ: ಮೆಣಸಿನಕಾಯಿ, ಕೆಟಲಿ, ಹುಂಜ, ಏಣಿ, ನುಗ್ಗೆಕಾಯಿ. ಒಬ್ಬ ಹೆಂಗಸಿಗೆ ಒಂದು ಗುರುತು. ನಾಲ್ಕನೇ ಇಯತ್ತೆ ಓದಿದವರು, ಅಕ್ಷರ ಬರುತ್ತಿತ್ತು. ಬರೆಯಲಾರದೆ ಚಿತ್ರ ಬರೆದದ್ದಲ್ಲ.

ನಾನು ಗಣಿತದವಳು, ಸೂತ್ರ ಹುಡುಕುವ ಚಟ. ಮೆಣಸಿನಕಾಯಿ ಅಂದರೆ ಜಗಳಗಂಟಿ ಇರಬೇಕು, ನುಗ್ಗೆಕಾಯಿ ಅಂದರೆ ನಮ್ಮ ಕಡ್ಡಿಯಂಥ ಅಂಗನವಾಡಿ ಟೀಚರು ಇರಬೇಕು ಎಂದು ಲೆಕ್ಕ ಹಾಕಿ ಹೇಳಿದೆ. ಚಾಚಿ ನಕ್ಕರು.

“ಹೋಲಿಕಿ ಇಟ್ರ ಅದೂ ಹೆಸರ ಆತಲ್ಲರಿ. ಹೋಲಿಕಿ ಇರಬಾರ್ದು, ಅದ ಲೆಕ್ಕ.”

“ಹಂಗಾದ್ರ ನಾ ಯಾವುದು?”

“ಬದನಿಕಾಯಿ.”

ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷ ಮಕ್ಕಳಿಗೆ ಪೈಥಾಗೊರಸನ ಪ್ರಮೇಯ ಕಲಿಸಿದವಳು ನಾನು, ಒಂದು ಗಡಿಯಾರವೋ ತಕ್ಕಡಿಯೋ ಆಗಬಾರದಿತ್ತೇ? ಮೇಲಾಗಿ ಬದನೆಕಾಯಿ ನನಗೆ ಸೇರುವುದೇ ಇಲ್ಲ. “ಅದಕ್ಕ ಇಟ್ಟೀನಿ,” ಅಂದರು ಚಾಚಿ, “ಯಾರಿಗೂ ಹೊಳಿಬಾರ್ದು.”

ಅವರ ಬಾಗಿಲ ಪಕ್ಕದ ಮೊಳೆಗೆ ಒಂದು ಉದ್ದನೆಯ ಬಟ್ಟೆಯ ಚೀಲ ತೂಗುತ್ತಿತ್ತು. ಅದಕ್ಕೆ ಒಂಬತ್ತು ಜೇಬು, ಒಂಬತ್ತು ಗುಂಡಿ. ಒಳಗೆ ಬರುವವರು ಚಪ್ಪಲಿ ಬಿಟ್ಟ ಹಾಗೆಯೇ ಫೋನನ್ನೂ ಅಲ್ಲಿ ಬಿಟ್ಟು ಗುಂಡಿ ಹಾಕಿ ಬರಬೇಕು. ಪರದೆಯ ಹಿಂದೆ ಹೆಂಗಸರು ಸೆರಗು ಸರಿಸಿ ನಿಲ್ಲುವ ಜಾಗಕ್ಕೆ ಕ್ಯಾಮೆರಾ ಇರುವ ಯಾವ ವಸ್ತುವೂ ಹೋಗಕೂಡದು. ಪಂಚಾಯ್ತಿಯ ಅಧ್ಯಕ್ಷೆ ಬಂದರೂ ಅದೇ ಚೀಲ, ಅದೇ ಗುಂಡಿ. ಒಳಗಿದ್ದಾಗ ಅಧ್ಯಕ್ಷೆಯ ಫೋನು ಜೇಬಿನಲ್ಲೇ ಬಡಿದುಕೊಂಡರೆ, “ಅಳತಿ ಮುಗಿಲಿ ತಡಿ ಬೇ,” ಎಂದು ಚಾಚಿ ಅದಕ್ಕೇ ಸಮಾಧಾನ ಹೇಳುತ್ತಿದ್ದರು.

ಒಮ್ಮೆ ಎದುರಿನ ಕಿರಾಣಿ ಅಂಗಡಿಯ ಸಾಹುಕಾರರು ಕಳ್ಳರ ಭಯಕ್ಕೆ ಒಂದು ಕ್ಯಾಮೆರಾ ಹಾಕಿಸಿದರು. ಅದರ ಮುಖ ನೇರ ಚಾಚಿಯ ಬಾಗಿಲಿಗೆ. ಎರಡು ಸಲ ಹೇಳಿ ಕಳಿಸಿದರೂ ಸಾಹುಕಾರರು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಕ್ಯಾಮೆರಾದ ತಲೆಗೆ, ಎಳೆಗೂಸುಗಳಿಗೆ ಹಾಕುತ್ತಾರಲ್ಲ, ಅಂಥ ಕೆಂಪು ಹೂವಿನ ಕುಲಾವಿ. ಗದ್ದದ ಕೆಳಗೆ ಲಾಡಿ ಕಟ್ಟಿ, ಅಗದಿ ಅಳತೆಗೆ ಸರಿಯಾಗಿ ಹೊಲಿದದ್ದು. ಏಣಿ ಕೊಟ್ಟವರು ಯಾರು ಎಂಬುದು ಇವತ್ತಿಗೂ ಹೊರಬಿದ್ದಿಲ್ಲ. ಸಾಹುಕಾರರು ಬೀದಿಯಲ್ಲಿ ನಿಂತು ಕೂಗಿದರು.

“ಚಾಚಿ, ಕ್ಯಾಮೆರಾಕ್ಕ ಕುಲಾವಿ ಹಾಕೀರೇನು?”

“ಥಂಡಿ ಭಾಳ ಐತ್ರಿ ಸಾವಕಾರ್ರ. ಪಾಪ, ಹಗಲೂ ರಾತ್ರಿ ಹೊರಗ ಇರ್ತೈತಿ.”

“ಕಳ್ಳರು ಬಂದ್ರ ಏನ ಮಾಡ್ಲಿ ನಾ?”

“ಕಳ್ಳರು ನಿಮ್ಮ ಬಾಗಲಕ್ಕ ಬರ್ತಾರ. ಅದು ನನ್ನ ಪರದೇ ಯಾಕ ಕಾಯ್ತೈತಿ? ಮಾರಿ ಆ ಕಡೆ ತಿರುವ್ರಿ, ಕುಲಾವಿ ತಗೀತೀನಿ.”

ಮುಖ ತಿರುಗಿತು, ಕುಲಾವಿ ಇಳಿಯಿತು. ಅದನ್ನು ಮುಂದೆ ಸಾಹುಕಾರರ ಮೊಮ್ಮಗನಿಗೇ ಕೊಟ್ಟರು.

ಚಾಚಿಗೆ ಜೀವದ ಗೆಳತಿ ಒಬ್ಬರಿದ್ದರು, ಮೂರು ಮನೆ ಆಚೆಯ ಬಳೆಗಾರ ಖಾಲಾ. ಊರಿನ ಅಷ್ಟೂ ಹೆಂಗಸರ ಕೈ ಹಿಡಿದು ಬಳೆ ಏರಿಸುವವರು, ಏರಿಸುತ್ತಲೇ ಸುದ್ದಿ ಇಳಿಸುವವರು. ಬಲಗೈಗೆ ಅರ್ಧ ಡಜನ್ ಬಳೆ ಏರುವಷ್ಟರಲ್ಲಿ ಕೆಳಗಿನ ಓಣಿಯ ವಿಷಯ ಮುಗಿದು, ಎಡಗೈಗೆ ಮೇಲಿನ ಓಣಿ ಶುರುವಾಗಿರುತ್ತಿತ್ತು. ಹಿಂದಿನಿಂದ ನಾವೆಲ್ಲ ಅವರನ್ನು ರೇಡಿಯೋ ಅನ್ನುತ್ತಿದ್ದೆವು. ಒಮ್ಮೆ ನಾನು ಚಾಚಿಯ ಹೊಸ ಫೋನಿಗೆ ಬ್ಯಾಟರಿ ದೀಪದ ಆ್ಯಪ್ ಹಾಕಿಕೊಡುವಾಗ ಅದು ಎಲ್ಲರ ನಂಬರುಗಳನ್ನು ನೋಡಲು ಅನುಮತಿ ಕೇಳಿತು. ಓದಿ ಹೇಳಿದೆ. ಚಾಚಿ ಕತ್ತರಿ ಕೆಳಗಿಟ್ಟರು.

“ದೀಪ ಹಚ್ಚಾಕ ಇದಕ್ಕ ನನ್ನ ಬೀಗರ ನಂಬರ ಯಾಕ ಬೇಕಂತ? ಬ್ಯಾಡ ಅನ್ರಿ.” ಕತ್ತರಿ ಮತ್ತೆ ಕೈಗೆತ್ತಿಕೊಂಡು, “ಆದ್ರೂ ನೋಡ್ರಿ, ಕೇಳ್ತೈತಿ. ಅಷ್ಟರ ಮರ್ಯಾದಿ ಐತಿ. ನಮ್ಮ ಖಾಲಾ ಕೇಳೂದೂ ಇಲ್ಲ,” ಅಂದರು. ಪಕ್ಕದಲ್ಲೇ ಕುಳಿತಿದ್ದ ಖಾಲಾ ಬಿದ್ದು ಬಿದ್ದು ನಕ್ಕರು.

ಈಗ ನನ್ನ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಎಡ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಎದೆಯನ್ನೇ ತೆಗೆದರು. ಬೇಗ ಗೊತ್ತಾದದ್ದರಿಂದ ಕೂದಲು ಉದುರುವ ಔಷಧ ಬೇಕಾಗಲಿಲ್ಲ. ಊರಿಗೆ, ಶಾಲೆಗೆ, ಪಿತ್ತಕೋಶದ ಕಲ್ಲು ಎಂದು ಹೇಳಿದೆ. ನನ್ನ ಗಂಡನಿಗೆ, ತಂಗಿಗೆ ಬಿಟ್ಟರೆ ಯಾರಿಗೂ ನಿಜ ಗೊತ್ತಿರಲಿಲ್ಲ. ನಾಚಿಕೆಯಲ್ಲ ಅದು. ನಾನು ಬೋರ್ಡಿನಿಂದ ಈ ಕಡೆ ತಿರುಗಿದಾಗ ಎಪ್ಪತ್ತು ಕಣ್ಣು ಸಮೀಕರಣ ಬಿಟ್ಟು ನನ್ನನ್ನು ಅಳೆಯುವುದು ನನಗೆ ಬೇಡವಾಗಿತ್ತು. ನನಗೆ ಹೆದರುವ ಹುಡುಗರು ನನ್ನನ್ನು ಕಂಡು ‘ಪಾಪ’ ಅನ್ನಬಾರದಿತ್ತು. ಯಾರಿಗೆ, ಯಾವಾಗ ಹೇಳಬೇಕು ಎಂಬುದನ್ನು ನಾನೇ ತೀರ್ಮಾನಿಸಬೇಕಿತ್ತು, ಅಷ್ಟೇ.

ಆದರೆ ದರ್ಜಿಗೆ ಹೇಳದೆ ವಿಧಿಯಿಲ್ಲ. ಹೋದೆ. ಸೆರಗನ್ನು ಎಡಗಡೆ ಒತ್ತಿ ಹಿಡಿದು ನಿಂತೆ. ಚಾಚಿ ಒಮ್ಮೆ ನೋಡಿದರು, ಪರದೆ ಎಳೆದರು, ಎಂದೂ ಇಲ್ಲದ್ದು ಪರದೆಯ ಸಂದಿಗೂ ಮೂರು ಸೂಜಿ ಚುಚ್ಚಿದರು. ಅಳತೆ ತೆಗೆಯುತ್ತ ಕೇಳಿದ್ದು ಒಂದೇ ಮಾತು, “ಅರಿವಿ ಒತ್ತಿದ್ರ ನೋಯ್ತೈತೇನ್ರಿ?” ನಾಲ್ಕು ದಿನಕ್ಕೆ ಬ್ಲೌಸು ಬಂತು. ಎಡಗಡೆ ಒಳಗೆ ನಮ್ಮ ಎರೆಹೊಲದ ಹತ್ತಿ, ಹಳೆಯ ಮೆತ್ತನೆ ಪಂಜೆಯ ಎರಡು ಪದರದಲ್ಲಿ. ಕನ್ನಡಿಯಲ್ಲಿ ನೋಡಿದೆ. ಎರಡೂ ಕಡೆ ಸಮ. ಗಣಿತದ ಅಕ್ಕೋರಿಗೇ ಲೆಕ್ಕ ಬಿಡಿಸಿ ಕೊಟ್ಟಿದ್ದರು. ನಾನು ಅಳತೊಡಗಿದೆ. ಚಾಚಿ ಒಂದು ತುಂಡು ಬಟ್ಟೆ ನನ್ನ ಕೈಗೆ ತುರುಕಿ, ಆ ಕಡೆ ತಿರುಗಿ ಬಹಳ ಹೊತ್ತು ಮಷೀನನ್ನು ಬೈದರು.

ಆಮೇಲೆ ಒಂದು ವರ್ಷಕ್ಕೆ ಆ ಅನಾಹುತ ನಡೆಯಿತು. ಚಾಚಿಗೆ ಕಣ್ಣಿನ ಪೊರೆ ಬಂದು ಆಪರೇಷನ್ನಿಗೆ ಹುಬ್ಬಳ್ಳಿಗೆ ಹೋದರು. ಲಗ್ನದ ಹಂಗಾಮು, ಹೊಲಿದಿಟ್ಟ ಬ್ಲೌಸುಗಳನ್ನು ಹಂಚಲು ಖಾಲಾ ಕೈಗೆ ಬೀಗದ ಕೈ ಕೊಟ್ಟು ಹೋಗಿದ್ದರು. ಖಾಲಾ ಬಾಗಿಲು ತೆರೆದರೆ ಬ್ಲೌಸಿನ ಗಂಟುಗಳ ಮೇಲೆಲ್ಲ ಹುಂಜ, ಕೆಟಲಿ, ಏಣಿ! ಯಾವುದು ಯಾರದ್ದು? ಪುಸ್ತಕ ತೆರೆದರೆ ಅದರಲ್ಲೂ ಹುಂಜ, ಕೆಟಲಿ, ಏಣಿ. ಫೋನನ್ನು ಅವರು ಚೀಲದಲ್ಲಿ ಬಿಟ್ಟು ಬಂದಿರಲಿಲ್ಲ. ಗೆಳತಿಗೆ ಉಪಕಾರ ಮಾಡುವ ಉಮೇದಿಯಲ್ಲಿ ಪುಸ್ತಕದ ಪುಟಗಳ ಫೋಟೋ ತೆಗೆದು ಊರ ಹೆಂಗಸರ ವಾಟ್ಸ್ಯಾಪ್ ಗುಂಪಿಗೆ ಹಾಕಿಬಿಟ್ಟರು: “ನಿಮ್ಮ ನಿಮ್ಮ ಗುರ್ತ ಹೇಳ್ರಿ, ಬ್ಲೌಸ್ ಒಯ್ರಿ.”

ಒಂದು ಗಂಟೆ ಊರಿಗೆ ಜಾತ್ರೆಯಾಯಿತು. ಹೆಚ್ಚಿನವರಿಗೆ ತಮ್ಮ ಗುರುತು ತಮಗೇ ಗೊತ್ತಿರಲಿಲ್ಲ. ಹುಂಜ ನಾನು ಎಂದು ಮೂವರು ಮುಂದೆ ಬಂದರು. ಕೆಟಲಿಯ ಸೊಂಟದಳತೆ ನೋಡಿ, ಕೆಟಲಿ ತಾನಲ್ಲ ಎಂದು ಐದು ಜನ ಆಣೆ ಮಾಡಿದರು. ಸ್ಟಾಫ್ ರೂಮಿನಲ್ಲಿ ಕುಳಿತು ನಾನೂ ನಗುತ್ತಿದ್ದೆ. ಆಗ ಬದನೆಕಾಯಿಯ ಪುಟ ಬಂತು. ಅಳತೆಯ ಕೆಳಗೆ ಚಾಚಿಯ ದುಂಡಗಿನ ಅಕ್ಷರದಲ್ಲಿ ಸ್ಪಷ್ಟವಾಗಿತ್ತು: “ಎಡಕ್ಕ ಒಳಗ ಹತ್ತಿ, ಎರಡ ಪದರ. ಹೊಲಿಗಿ ಮೆತ್ತಗ. ಒತ್ತಬಾರದು.”

ಗುಂಪಿನ ನಗು ಅಲ್ಲಿಗೆ ಮುಗಿಯಿತು. ಆಮೇಲೆ ಶುರು. “ಯಾರ್ರೀ ಇದು?” “ಅಯ್ಯ ಪಾಪ, ಆ ಜಡ್ಡ ಇರಬೇಕು.” “ಬದನಿಕಾಯಿ ಯಾರು?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ತಾನೇ ಸೆರಗಿಗೆ ಹೋಯಿತು. ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದೆ. ಯಾರೂ ನೋಡಿರಲಿಲ್ಲ, ಎಲ್ಲರೂ ಬದನೆಕಾಯಿಯನ್ನೇ ನೋಡುತ್ತಿದ್ದರು.

ಸಂಜೆಯ ಹೊತ್ತಿಗೆ ಅನುಮಾನ ನನ್ನ ಮೇಲಲ್ಲ, ಒಬ್ಬ ಹುಡುಗಿಯ ಮೇಲೆ ಬಿತ್ತು. ನವಲಗುಂದ ಕಡೆಗೆ ಲಗ್ನ ನಿಶ್ಚಯವಾಗಿದ್ದ ಹುಡುಗಿ. ಆ ತಿಂಗಳು ಎರಡು ಸಲ ಹುಬ್ಬಳ್ಳಿಗೆ ಹೋಗಿ ಬಂದಿದ್ದೇ ಅವಳ ತಪ್ಪು. ಫೋಟೋ ಅವಳಿಗಿಂತ ಮೊದಲು ನವಲಗುಂದ ಮುಟ್ಟಿತ್ತು. ಬೀಗರಿಂದ ಫೋನು ಬಂತಂತೆ, “ಏನೇನೋ ಸುದ್ದಿ ಕೇಳಾಕತ್ತೀವಲ್ಲ” ಎಂದು. ನಾನು ಗುಂಪಿನಲ್ಲಿ ‘ಅದು ನಾನು’ ಎಂದು ಟೈಪು ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ, ಮತ್ತೆ ಅಳಿಸಿದೆ. ಎರಡೇ ಪದ, ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದೆ. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಮರುದಿನ ಮುಂಜಾನೆ ಖಾಲಾ ಅಳುತ್ತ ಹುಬ್ಬಳ್ಳಿಗೆ ಓಡಿದರು. ಹತ್ತು ಗಂಟೆಗೆ ಅವರ ಫೋನಿನಿಂದ ಗುಂಪಿಗೆ ಚಾಚಿಯ ದನಿ ಬಂತು.

“ಎಲ್ಲಾರೂ ಕೇಳ್ರಿ. ಆ ಬದನಿಕಾಯಿ ನಾನ. ನಂದ ಅಳತಿ ಅದು. ಯಾರ ಮಗಳ ಹೆಸರ ಬಾಯಾಗ ತಗೊಂಡೀರಿ, ಅವರ ಮನಿಗೆ ಹೋಗಿ ತಪ್ಪಾತು ಅನ್ರಿ. ಫೋಟೋ ಅಳಸ್ರಿ. ಅಳಸದವರ ಬ್ಲೌಸ್ ನಾ ಹೊಲಿಯೂದಿಲ್ಲ.”

ಪೊಲೀಸರು ಬಂದಿದ್ದರೂ ಅಷ್ಟು ಬೇಗ ಅಳಿಸುತ್ತಿರಲಿಲ್ಲ. ಲಗ್ನದ ಹಂಗಾಮಿನಲ್ಲಿ ಯಾರಿಗೆ ಬೇಕು ಆ ಶಾಪ? ಹುಡುಗಿಯ ಮನೆಗೆ ಹೋಗಿ ನಾಲ್ಕು ಜನ ಕೈ ಮುಗಿದು ಬಂದರು. ಲಗ್ನ ನಿರಾತಂಕವಾಗಿ ಆಯಿತು. ಊರು ಚಾಚಿಯ ಮಾತನ್ನು ಪೂರಾ ನಂಬಿತು. ಎಷ್ಟು ನಂಬಿತೆಂದರೆ, ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಅವರು ಬಸ್ಸಿಳಿದರೆ, “ಕಣ್ಣಂತ! ನಮಗ ಗೊತ್ತಿಲ್ಲೇನು ಎದಕ್ಕ ಹೋಗಿದ್ರು ಅಂತ” ಎಂದು ಇದ್ದೊಂದು ನಿಜವನ್ನು ಸುಳ್ಳು ಮಾಡಿತು.

ಆ ಸಂಜೆ ನಾನು ಅವರ ಕಾಲು ಹಿಡಿಯಲು ಹೋದರೆ ಬಾಗಿಲು ಹಾಕಿಕೊಂಡು, ಅವರೇ ಗಾಬರಿಯಿಂದ ಕೇಳಿದರು.

“ಅಕ್ಕೋರ, ಅದೆಲ್ಲಾ ಆಮ್ಯಾಲ. ಮೊದಲ ಹೇಳ್ರಿ, ಎಡಗೈ ಎಷ್ಟ ಎತ್ತಾಕ ಬರ್ತೈತಿ?”

ನಾನು ಎತ್ತಿ ತೋರಿಸಿದೆ. ಊರ ಮುಂದೆ ಹಾಗೇ ನಟಿಸಲು ಅವರು ಕಲಿತರು. ಕೆಟ್ಟ ವಿದ್ಯಾರ್ಥಿನಿ, ವಾರಕ್ಕೊಮ್ಮೆಯಾದರೂ ಮರೆತು ಬಲಗೈಯನ್ನೇ ನೋಯಿಸಿಕೊಳ್ಳುತ್ತಿದ್ದರು. ಖಾಲಾ ಪಶ್ಚಾತ್ತಾಪದಿಂದ ವರ್ಷವಿಡೀ ದಾಳಿಂಬೆ ತಂದು ಸುರಿದರು. ಅದರಲ್ಲಿ ಅರ್ಧ, ಬ್ಲೌಸಿನ ಚೀಲದಲ್ಲಿ ನಮ್ಮ ಮನೆಗೆ ಬರುತ್ತಿತ್ತು. “ನಿಮ್ಮ ಹಣ್ಣ ಇವು, ನಾ ತಿಂದ್ರ ಪಚನ ಆಗೂದಿಲ್ಲ” ಅನ್ನುತ್ತಿದ್ದರು. ಖಾಲಾ ಯಮನೂರಿನ ದರ್ಗಾಕ್ಕೆ ಬರಿಗಾಲಲ್ಲಿ ನಡೆದು ಚಾಚಿಯ ಹೆಸರಿನಲ್ಲಿ ಸಕ್ಕರೆ ಓದಿಸಿಕೊಂಡು ಬಂದಾಗ ನನಗೆ ತಡೆಯಲಾಗಲಿಲ್ಲ. ಬೇರೆಯವರ ಹೆಸರಿನಲ್ಲಿ ಹರಕೆ ಹೊತ್ತರೆ ಹೇಗೆ ಚಾಚಿ, ಅಂದೆ. ಸಕ್ಕರೆಯನ್ನು ನನ್ನ ಬಾಯಿಗೆ ಹಾಕಿ ಅಂದರು, “ತಿನ್ರಿ. ಅಲ್ಲಿ ವಿಳಾಸ ತಪ್ಪೂದಿಲ್ಲ.”

ಒಂದು ಸಲ ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಎಂದು. ನಾನಾಗಿದ್ದರೆ ದೊಡ್ಡ ಮಾತೊಂದನ್ನು ಹೇಳುತ್ತಿದ್ದೆ. ಅವರು ಹೇಳಿದ್ದು ಇಷ್ಟೇ: “ಪುಸ್ತಕ ನಂದು. ಕೈ ತಪ್ಪಿದ್ದೂ ನಂದ.”

ಪುಸ್ತಕವನ್ನು ಅವರು ನೀರೊಲೆಗೆ ಹಾಕಿದರು. ಆಮೇಲೆ ಬರೆಯಲೇ ಇಲ್ಲ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಬಣ್ಣದ ದಾರ. ಎದೆಗೆ, ಸೊಂಟಕ್ಕೆ, ತೋಳಿಗೆ, ತಕ್ಕ ದೂರದಲ್ಲಿ ಒಂದೊಂದು ಗಂಟು. ದಾರಗಳ ಜೊಂಪೆ ಮಷೀನಿನ ಮೇಲೆ ತೂಗುತ್ತಿತ್ತು. “ತಗೀರಿ ಈಗ ಫೋಟೋ” ಎಂದು ಖಾಲಾಗೆ ಸವಾಲು ಹಾಕುತ್ತಿದ್ದರು.

ಈ ವರ್ಷ ಯುಗಾದಿ ಮುಗಿದ ವಾರ, ಮೂರೇ ದಿನದ ಜ್ವರದಲ್ಲಿ ಚಾಚಿ ಹೋದರು. ಸುದ್ದಿ ಕೇಳಿ ಶಾಲೆಯಿಂದ ಹಾಗೇ ಓಡಿದೆ. ಅಂಗಳದ ತುಂಬ ಹೆಂಗಸರು. ಒಳಗೆ ಮೈ ತೊಳೆಯಲು ಖಾಲಾ, ಜೊತೆಗೆ ಕುಬಿಹಾಳದಿಂದ ಬಂದ ಚಾಚಿಯ ಇಬ್ಬರು ನಾದಿನಿಯರು. ಪರದೆ ಬಿತ್ತು. ಅದೇ ಪರದೆ. ಆಗ ನನಗೆ ಹೊಳೆಯಿತು: ಈಗ ಖಾಲಾ ನೋಡುತ್ತಾರೆ. ಅಲ್ಲಿ ಯಾವ ಗಾಯವೂ ಇಲ್ಲ, ಏನೂ ಕಡಿಮೆಯಾಗಿಲ್ಲ, ಚಾಚಿ ಇಷ್ಟು ದಿನ ಹೇಳಿದ್ದು ಸುಳ್ಳು ಎಂದು ಊರಿನ ರೇಡಿಯೋಗೆ ಗೊತ್ತಾಗುತ್ತದೆ. ಹಾಗಾದರೆ ಬದನೆಕಾಯಿ ಯಾರು ಎಂಬ ಪ್ರಶ್ನೆ ಮತ್ತೆ ಎದ್ದು ಕೂರುತ್ತದೆ. ಅಂಥ ಹೊತ್ತಿನಲ್ಲೂ ನನಗೆ ನನ್ನದೇ ಚಿಂತೆ.

ಬಹಳ ಹೊತ್ತಿನ ಮೇಲೆ ಖಾಲಾ ಹೊರಗೆ ಬಂದರು. ಒದ್ದೆ ಸೆರಗು ಹಿಂಡುತ್ತ ಕಟ್ಟೆಗೆ ಒರಗಿದರು. ಕಣ್ಣು ಕೆಂಡದಂತಾಗಿದ್ದವು. ಮೇಲಿನ ಓಣಿಯ ಮುದುಕಿಯೊಬ್ಬಳು ಮೆಲ್ಲಗೆ ಕೇಳಿದಳು, “ಆ ಆಪರೇಷನ್ ಗಾಯ ಪೂರ್ತಿ ಮಾಯ್ದಿತ್ತೇನವಾ? ಪಾಪ, ಎಷ್ಟ ತ್ರಾಸ ಪಟ್ಟಾಳೋ.”

ಅಂಗಳವೆಲ್ಲ ಖಾಲಾ ಬಾಯಿ ನೋಡಿತು. ಖಾಲಾ ಪರದೆಯ ಕಡೆ ಒಮ್ಮೆ ತಿರುಗಿ ನೋಡಿದರು.

“ಮಾಯ್ದಿತ್ತು,” ಅಂದರು. “ಅಗದಿ ಛಂದ ಮಾಯ್ದಿತ್ತು.”

ನಾನು ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತೆ. ಚಾಚಿಗಾಗಿ ಅತ್ತೆನೋ, ನನಗಾಗಿಯೋ, ಆ ಒಂದು ಮಾತಿಗಾಗಿಯೋ, ಬಿಡಿಸಿ ಹೇಳಲಾರೆ.

ಆಮೇಲೆ ವಾರಗಟ್ಟಲೆ ಕಾದೆ. ಖಾಲಾ ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮೈ ತೊಳೆದವರು ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದೆಂಬುದು ಅವರಲ್ಲಿ ರಿವಾಜು ಎಂದು ಆಮೇಲೆ ತಿಳಿಯಿತು. ದಾರದ ಜೊಂಪೆಯನ್ನು ಚಾಚಿಯ ಮಗಳು ನನಗೆ ಕೊಟ್ಟಳು. ಗಂಟುಗಳನ್ನು ಎಣಿಸಿ, ಅಳೆದು, ನನ್ನ ದಾರ ಯಾವುದೆಂದು ಹುಡುಕಿದೆ. ಗಣಿತದ ಅಕ್ಕೋರಿಗೂ ಸಿಗಲಿಲ್ಲ.

ಪಂಚಮಿಗೆ ಬಳೆ ಇಡಿಸಿಕೊಳ್ಳಲು ಖಾಲಾ ಮನೆಗೆ ಹೋದೆ. ಬೇರೆ ಯಾರೂ ಇರಲಿಲ್ಲ. ಅವರು ಹಸಿರು ಬಳೆ ಆರಿಸುತ್ತಿದ್ದರು.

“ಖಾಲಾ, ಆ ಬದನಿಕಾಯಿ ನಾನು.”

ಅವರು ತಲೆ ಎತ್ತಲಿಲ್ಲ. “ನಾ ಕೇಳಿದ್ನೇನ್ರಿ ಅಕ್ಕೋರ?”

“ಇಲ್ಲ. ನನಗ ಹೇಳಬೇಕನಿಸ್ತು.”

ಖಾಲಾ ಬಳೆಗಳನ್ನು ಕೆಳಗಿಟ್ಟು, ನನ್ನ ಎಡಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಬಹಳ ಹೊತ್ತು ಬೆರಳ ಗೆಣ್ಣುಗಳನ್ನು ನೀವಿದರು. ಆಮೇಲೆ, ಊರಿನ ಸುದ್ದಿಯನ್ನೆಲ್ಲ ಯಾರನ್ನೂ ಕೇಳದೆ ಹಂಚಿದ ಆ ಹೆಂಗಸು, ಮೊದಲ ಸಲ ಕೇಳಿದರು:

“ಇದನ್ನ ಮಂದಿಗೆ ಹೇಳ್ಲ್ಯೋ, ಬ್ಯಾಡೋ?”

“ಬ್ಯಾಡ. ನಾನ ಬರದು ಹೇಳ್ತೀನಿ.”

“ಛಲೋ ಆತು,” ಅಂದರು ಖಾಲಾ, ಮೊದಲ ಬಳೆಯನ್ನು ನನ್ನ ಬೆರಳಿಗೆ ತೊಡಿಸುತ್ತ. “ಹಂಗಾರ ಕೈ ಸಡಲ ಬಿಡ್ರಿ. ಬಿಗಿ ಹಿಡಿದ್ರ ಬಳಿ ಒಡಿತಾವು.”

ಬಿಟ್ಟೆ. ಒಂದು ಡಜನ್ ಬಳೆ, ಒಂದೂ ಒಡೆಯದೆ ಏರಿದವು.